ತಾನೇ ಬಂದವನಿಗೂ ಲೆಕ್ಕವಿದೆ



ಸಿಂಗಾನಲ್ಲೂರು ಎಂದ ಕೂಡಲೇ ನಿಮ್ಮಲ್ಲಿ ಹಲವರಿಗೆ ಕೊಳ್ಳೇಗಾಲದ ಕಡೆಯ ಸಿಂಗಾನಲ್ಲೂರು ನೆನಪಾಗಬಹುದು. ಡಾ. ರಾಜ್‌ಕುಮಾರ್ ಅವರ ತಂದೆ ಪುಟ್ಟಸ್ವಾಮಯ್ಯನವರ ಹೆಸರಿನೊಂದಿಗೆ ಸೇರಿಕೊಂಡ ಊರು ಅದು. ಇವತ್ತು ನಾವು ಮಾತಾಡುವುದು ಇನ್ನೊಂದು ಸಿಂಗಾನಲ್ಲೂರಿನ ಬಗ್ಗೆ. ಕೊಯಮತ್ತೂರಿನ ತಿರುಚ್ಚಿ ರಸ್ತೆಯಲ್ಲಿ, ಕೆರೆಯ ಪಕ್ಕದಲ್ಲಿರುವ ಊರು. ಮೊದಲು ಅದು ಬೇರೆಯೇ ಪುರಸಭೆಯಾಗಿತ್ತು. 1981ರಲ್ಲಿ ಕೊಯಮತ್ತೂರು ಮಹಾನಗರಪಾಲಿಕೆಯಾದಾಗ ಅದರೊಳಗೆ ಸೇರಿತು.

ಆ ಊರನ್ನು ನೀವು ನೋಡಿರಲಿ, ನೋಡದಿರಲಿ, ಆ ಕಡೆಯ ಕೈಕೆಲಸ ನಿಮ್ಮ ಮನೆಯೊಳಗೆ ಇದ್ದೀತು. ದೋಸೆ ಹಿಟ್ಟು ರುಬ್ಬುವ ಗ್ರೈಂಡರು, ತೋಟದ ಬಾವಿಗೆ ಇಳಿಸಿದ ಪಂಪು, ಮಗ್ಗಕ್ಕೆ ಬರುವ ನೂಲು, ಮೈಮೇಲಿನ ಬನಿಯನ್ನು, ಇವೆಲ್ಲ ಕೊಯಮತ್ತೂರು, ತಿರುಪ್ಪೂರುಗಳ ಸರಕು. 1930ರ ದಶಕದಲ್ಲಿ ಪೈಕಾರದ ವಿದ್ಯುತ್ತು ಬಂದ ಮೇಲೆ ಅಲ್ಲಿ ಮಿಲ್ಲುಗಳು ಸಾಲಾಗಿ ಎದ್ದವು. ಮಿಲ್ಲುಗಳ ಬೆನ್ನಿಗೆ ಯಂತ್ರದ ಬಿಡಿಭಾಗ ಮಾಡುವ ಪಟ್ಟರೆಗಳು, ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಫೌಂಡ್ರಿಗಳು ಬಂದವು. ಆಗ ಕೆಲಸಕ್ಕೆ ಬಂದವರು ಸುತ್ತಲಿನ ಹಳ್ಳಿಯವರು. ಇವತ್ತು ಅದೇ ಕುಲುಮೆಯ ಮುಂದೆ ನಿಂತವನು ಒಡಿಶಾದವನು, ಬಿಹಾರದವನು, ಜಾರ್ಖಂಡಿನವನು ಅಥವಾ ಅಸ್ಸಾಮಿನವನು. ಧನ್‌ಬಾದ್‌ನಿಂದ ಆಲಪ್ಪುಳಕ್ಕೆ ಹೋಗುವ ರೈಲು ತಿರುಪ್ಪೂರಿನಲ್ಲಿ, ಕೊಯಮತ್ತೂರಿನಲ್ಲಿ ನಿಂತಾಗ ಪ್ಲಾಟ್‌ಫಾರಂ ಮೇಲೆ ಹೆಗಲ ಚೀಲದೊಂದಿಗೆ ಇಳಿಯುವ ಹುಡುಗರನ್ನು ನೋಡಿದರೆ ಇದು ಅರ್ಥವಾಗುತ್ತದೆ. ಆ ಊರಿನಲ್ಲಿ ಇವರೆಲ್ಲರಿಗೂ ಒಂದೇ ಹೆಸರು, ‘ಹಿಂದಿಕ್ಕಾರರು’. ಒಡಿಯಾ ಮಾತಾಡುವವನೂ ಹಿಂದಿಕ್ಕಾರ, ಸಂತಾಲಿ ಮಾತಾಡುವವನೂ ಹಿಂದಿಕ್ಕಾರ. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು ಭಾಷೆ ಆಡುವ ನಮಗೆ ಈ ತಪ್ಪು ಬೇಗ ಕಾಣಿಸಬೇಕು.

ಇಂಥವರನ್ನು ಕೆಲಸಕ್ಕಿಟ್ಟುಕೊಂಡ ಮುದಲಾಳಿಗಳಿಗೆ ಕಾನೂನು ಏನು ಹೇಳುತ್ತದೆ ಎಂಬುದು ಇವತ್ತಿನ ವಿಷಯ. ನಮ್ಮ ಕೇಳುಗರಲ್ಲಿ ವಿದ್ಯುತ್ ಮಗ್ಗ ಇಟ್ಟವರಿದ್ದಾರೆ, ಇಟ್ಟಿಗೆ ಗೂಡು ನಡೆಸುವವರಿದ್ದಾರೆ, ಕಬ್ಬು ಕಡಿಯಲು ಆಳು ತರಿಸುವವರಿದ್ದಾರೆ. ಅದಕ್ಕಿಂತ ಹೆಚ್ಚು ಮಂದಿ ಮಕ್ಕಳನ್ನು ತಿರುಪ್ಪೂರಿಗೋ ಬೆಂಗಳೂರಿಗೋ ಕೆಲಸಕ್ಕೆ ಕಳುಹಿಸಿದವರು. ಆದ್ದರಿಂದ ಈ ಮಾತು ಎರಡೂ ಕಡೆಯವರಿಗೆ ಬೇಕಾದದ್ದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇದು ಯಾರ ಕಥೆಯೂ ಅಲ್ಲ, ಯಾರದೂ ಆಗಬಹುದು. ಸಿಂಗಾನಲ್ಲೂರಿನ ಒಂದು ಸಣ್ಣ ಫೌಂಡ್ರಿ. ಇಪ್ಪತ್ತೆರಡು ಮಂದಿ ಕೆಲಸಗಾರರು. ಅವರಲ್ಲಿ ಹನ್ನೆರಡು ಮಂದಿ ಹೊರರಾಜ್ಯದವರು. ಅವರ ಪೈಕಿ ಒಬ್ಬನ ಭಾವಮೈದುನ ಊರಿನಿಂದ ರೈಲು ಹತ್ತಿ ಬಂದ. ಮರುದಿನ ಬೆಳಿಗ್ಗೆ ಕೆಲಸಕ್ಕೆ ನಿಂತ. ಹೆಸರು ಹಾಜರಿ ಪುಸ್ತಕಕ್ಕೆ ಏರಲಿಲ್ಲ. ‘ಒಂದು ತಿಂಗಳು ನೋಡೋಣ, ನಿಂತರೆ ಬರೆಯೋಣ’ ಎಂದುಕೊಂಡರು ಮುದಲಾಳಿ. ಮೂರನೆಯ ವಾರದಲ್ಲಿ ಕಾದ ಲೋಹ ಸಿಡಿಯಿತು. ಹುಡುಗನನ್ನು ಆಸ್ಪತ್ರೆಗೆ ಹಾಕಿದರು. ಅಲ್ಲಿ ಕೇಳಿದರು: ಪೂರ್ತಿ ಹೆಸರೇನು? ವಯಸ್ಸೆಷ್ಟು? ಯಾವ ಜಿಲ್ಲೆ? ಯಾರಿಗೆ ಹೇಳಿ ಕಳುಹಿಸಬೇಕು? ಮುದಲಾಳಿಗೆ ಗೊತ್ತಿದ್ದದ್ದು ಅವನನ್ನು ಕೂಗಲು ಬಳಸುತ್ತಿದ್ದ ಎರಡಕ್ಷರ ಮಾತ್ರ. ಅಧಿಕಾರಿ ಬಂದಾಗ ಅವರು ಹೇಳಿದ ಮಾತು ಇದು: ‘ನಾನೇನು ಇವನನ್ನು ಕರೆಸಿದೆನೇ ಸ್ವಾಮಿ? ತಾನೇ ಬಂದ.’

ಈ ಒಂದು ಮಾತನ್ನು ಹಿಡಿದುಕೊಂಡೇ ಕಾನೂನನ್ನು ನೋಡೋಣ. ಏಕೆಂದರೆ ಒಂದು ಕಾಲಕ್ಕೆ ಆ ಮಾತಿಗೆ ಬೆಲೆಯಿತ್ತು. ಈಗ ಇಲ್ಲ.

ಒಡಿಶಾದಿಂದ ಮೇಸ್ತ್ರಿಗಳು ಮುಂಗಡ ಕೊಟ್ಟು ಆಳುಗಳನ್ನು ಗುಂಪಾಗಿ ದೂರದ ಕೆಲಸಗಳಿಗೆ ಒಯ್ಯುವ ಪದ್ಧತಿಯಿತ್ತು. ಅದನ್ನು ‘ದಾದನ್’ ಎನ್ನುತ್ತಿದ್ದರು. ಅಲ್ಲಿ ನಡೆಯುತ್ತಿದ್ದ ಅನ್ಯಾಯ ತಡೆಯಲು 1975ರಲ್ಲಿ ಆ ರಾಜ್ಯ ಒಂದು ಕಾನೂನು ಮಾಡಿತು. ಆಮೇಲೆ ಸಂಸತ್ತು 1979ರಲ್ಲಿ ಇಡೀ ದೇಶಕ್ಕೆ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ ತಂದಿತು. 1980ರ ಅಕ್ಟೋಬರ್ 2ರಿಂದ ಅದು ಜಾರಿಗೆ ಬಂತು. ಕೆಲಸಗಾರನಿಗೆ ಫೋಟೋ ಅಂಟಿಸಿದ ಪಾಸ್‌ಬುಕ್ ಕೊಡಬೇಕು, ಅದರ ವಿವರ ಅವನ ಭಾಷೆಯಲ್ಲೂ ಇರಬೇಕು ಎಂದು ಅದರಲ್ಲಿ ಬರೆದಿತ್ತು. ಊರು ಬಿಟ್ಟು ಬಂದದ್ದಕ್ಕೆ ಭತ್ಯೆ, ಪ್ರಯಾಣದ ಖರ್ಚು, ವಸತಿ, ಔಷಧೋಪಚಾರ, ಎಲ್ಲವನ್ನೂ ಹೇಳಿತ್ತು.

ಒಳ್ಳೆಯ ಕಾಯಿದೆಯೇ. ಆದರೆ ಅದರಲ್ಲಿ ಒಂದು ಕಿಂಡಿ ಇತ್ತು. ಗುತ್ತಿಗೆದಾರನ ಮೂಲಕ ನೇಮಕವಾಗಿ ಬಂದವರು, ಅಂಥವರು ಐದು ಮಂದಿ ಇದ್ದರೆ, ಆಗ ಮಾತ್ರ ಅದು ಅನ್ವಯಿಸುತ್ತಿತ್ತು. ಅಣ್ಣನ ಬೆನ್ನು ಹಿಡಿದು, ಗೆಳೆಯನ ಫೋನು ನಂಬಿ, ತಾನೇ ಟಿಕೆಟು ಕೊಂಡು ಬಂದವನು ಅದರ ಲೆಕ್ಕಕ್ಕೆ ಬರುತ್ತಿರಲಿಲ್ಲ. ವರ್ಷ ಕಳೆದಂತೆ ಹೀಗೆ ಬರುವವರೇ ಹೆಚ್ಚಾದರು. 2020ರ ಮಾರ್ಚ್ 25ರಿಂದ ಕೊರೋನಾ ಕಾರಣಕ್ಕೆ ದೇಶಕ್ಕೆ ಬೀಗ ಬಿದ್ದಾಗ ಸಾವಿರಾರು ಮಂದಿ ಹೆದ್ದಾರಿಯಲ್ಲಿ ನಡೆದು ಊರು ಸೇರಿದ್ದನ್ನು ನಾವೆಲ್ಲ ನೋಡಿದೆವು. ಯಾವ ಊರಿನಲ್ಲಿ ಯಾರು ಎಷ್ಟು ಮಂದಿ ಇದ್ದಾರೆ ಎಂಬ ಸರಿಯಾದ ಪಟ್ಟಿ ಆಗ ಸರ್ಕಾರಗಳ ಕೈಯಲ್ಲಿರಲಿಲ್ಲ. ಸುಪ್ರೀಂ ಕೋರ್ಟು ತಾನಾಗಿಯೇ ಆ ವಿಷಯವನ್ನು ಕೈಗೆತ್ತಿಕೊಂಡಿತು. ಅಸಂಘಟಿತ ಕೆಲಸಗಾರರ ಹೆಸರು ನೋಂದಾಯಿಸುವ ಇ-ಶ್ರಮ್ ಜಾಲತಾಣ 2021ರ ಆಗಸ್ಟ್‌ನಲ್ಲಿ ಶುರುವಾಯಿತು.

ಹಳೆಯ ಕಾಯಿದೆ ಈಗ ಹೋಗಿದೆ. ಅದರ ಜಾಗದಲ್ಲಿ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಬಂದಿದೆ. ವೇತನ, ಸಾಮಾಜಿಕ ಭದ್ರತೆ ಮತ್ತು ಕೈಗಾರಿಕಾ ಸಂಬಂಧಗಳ ಸಂಹಿತೆಗಳೊಂದಿಗೆ ಇದು 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಇದರಲ್ಲಿ ವಲಸೆ ಕಾರ್ಮಿಕ ಎಂದರೆ ಯಾರು? ಮುದಲಾಳಿ ನೇರವಾಗಿ ಕರೆಸಿದವನು, ಮೇಸ್ತ್ರಿಯ ಮೂಲಕ ಬಂದವನು, ಮೂರನೆಯದಾಗಿ ತಾನೇ ಬಂದು ಕೆಲಸ ಹಿಡಿದವನು. ತಿಂಗಳಿಗೆ 18,000 ರೂಪಾಯಿವರೆಗೆ ಸಂಬಳ ಪಡೆಯುವ ಈ ಮೂವರೂ ಒಂದೇ ಲೆಕ್ಕ. ಕಳೆದ ಹನ್ನೆರಡು ತಿಂಗಳಲ್ಲಿ ಯಾವುದಾದರೂ ಒಂದು ದಿನ ಇಂಥವರು ಹತ್ತು ಮಂದಿ ಇದ್ದರೆ ಸಾಕು, ಆ ಕಾರ್ಖಾನೆಗೆ ವಲಸೆ ಕಾರ್ಮಿಕರ ಅಧ್ಯಾಯ ಅನ್ವಯಿಸುತ್ತದೆ. ನಮ್ಮ ಉದಾಹರಣೆಯಲ್ಲಿ ಹನ್ನೆರಡು ಮಂದಿ ಇದ್ದರು. ಹಾಗಾಗಿ ‘ತಾನೇ ಬಂದ’ ಎಂಬ ಮಾತು ಅಲ್ಲಿ ನಿಲ್ಲುವುದಿಲ್ಲ.

ಹಾಗಾದರೆ ಮುದಲಾಳಿ ಮಾಡಬೇಕಾದ್ದೇನು? ಒಂದೊಂದಾಗಿ ನೋಡೋಣ.

ಮೊದಲನೆಯದು ಕಾಗದ. ಕೆಲಸಕ್ಕೆ ಸೇರಿದವನಿಗೆ ನೇಮಕದ ಪತ್ರ ಕೊಡಬೇಕು. ಹೊಸ ಸಂಹಿತೆ ಇದನ್ನು ಕಡ್ಡಾಯ ಮಾಡಿದೆ. ಯಾವ ಕೆಲಸ, ಎಷ್ಟು ಸಂಬಳ, ಯಾವ ದಿನದಿಂದ ಎಂಬುದು ಬರಹದಲ್ಲಿದ್ದರೆ ನಾಳೆ ‘ನೀನು ಹೇಳಿದೆ, ನಾನು ಹೇಳಲಿಲ್ಲ’ ಎಂಬ ಜಗಳಕ್ಕೆ ಎಡೆಯಿಲ್ಲ. ಇದು ಕೆಲಸಗಾರನಿಗೆ ಎಷ್ಟು ರಕ್ಷಣೆಯೋ ಮುದಲಾಳಿಗೂ ಅಷ್ಟೇ.

ಎರಡನೆಯದು ಸಂಬಳ. ತಿಂಗಳ ಸಂಬಳ ಮುಂದಿನ ತಿಂಗಳ ಏಳನೆಯ ತಾರೀಕಿನೊಳಗೆ ಕೈಸೇರಬೇಕು. ಕೆಲಸ ಬಿಟ್ಟವನಿಗೆ ಅಥವಾ ಬಿಡಿಸಿದವನಿಗೆ ಎರಡು ಕೆಲಸದ ದಿನಗಳೊಳಗೆ ಬಾಕಿ ತೀರಿಸಬೇಕು. ಹೆಚ್ಚುವರಿ ಗಂಟೆಗಳಿಗೆ ದುಪ್ಪಟ್ಟು. ಮುಂಗಡ, ದಂಡ, ಊಟ, ಏನೇ ಹಿಡಿದರೂ ಒಟ್ಟು ಕಡಿತ ಸಂಬಳದ ಅರ್ಧ ಮೀರಬಾರದು. ಕೊಯಮತ್ತೂರು, ತಿರುಪ್ಪೂರು ಕಡೆಯ ನೂಲಿನ ಮಿಲ್ಲುಗಳಲ್ಲಿ ‘ಸುಮಂಗಲಿ ತಿಟ್ಟಂ’ ಎಂಬ ಪದ್ಧತಿಯಿದ್ದದ್ದು ನಿಮಗೆ ನೆನಪಿರಬಹುದು. ಹೆಣ್ಣುಮಕ್ಕಳು ಮಿಲ್ಲಿನ ಹಾಸ್ಟೆಲಿನಲ್ಲೇ ಇದ್ದು ಮೂರು ವರ್ಷ ದುಡಿಯಬೇಕು, ಕೊನೆಯಲ್ಲಿ ಮದುವೆ ಖರ್ಚಿಗೆಂದು ಒಂದು ಗಂಟು ಸಿಗುತ್ತದೆ ಎಂಬ ಆಸೆ. ನಡುವೆ ಕಾಯಿಲೆ ಬಿದ್ದು ಮನೆಗೆ ಮರಳಿದವಳಿಗೆ ಆ ಗಂಟು ಕನಸೇ. ದುಡಿದ ಹಣವನ್ನು ಹೀಗೆ ಹಿಡಿದಿಡಲು ಕಾನೂನಿನಲ್ಲಿ ಜಾಗವಿಲ್ಲ.

ಮೂರನೆಯದು ವಿಮೆ. ಹತ್ತು ಮಂದಿ ಇರುವ ಕಾರ್ಖಾನೆಗೆ ಇ.ಎಸ್.ಐ. ಅನ್ವಯಿಸುತ್ತದೆ. ಹೊರರಾಜ್ಯದವನೆಂದು ಅದರಿಂದ ಬಿಡುವಂತಿಲ್ಲ. ಊರಿನವನಿಗೆ ಇರುವ ಎಲ್ಲ ಸವಲತ್ತೂ ಅವನಿಗುಂಟು. ಸಿಂಗಾನಲ್ಲೂರಿನಲ್ಲೇ ಇ.ಎಸ್.ಐ. ಆಸ್ಪತ್ರೆಯಿದೆ, ಈಗ ಅದರ ಜೊತೆಗೆ ವೈದ್ಯಕೀಯ ಕಾಲೇಜೂ ಇದೆ. ಮುದಲಾಳಿಯ ಪಾಲು ಸಂಬಳದ ನೂರಕ್ಕೆ ಮೂರೂಕಾಲು, ಕೆಲಸಗಾರನ ಪಾಲು ಮುಕ್ಕಾಲು. ತಿಂಗಳಿಗೆ ಕೆಲವು ನೂರು ರೂಪಾಯಿ ಉಳಿಸಲು ಹೋಗಿ, ಅಪಘಾತದ ದಿನ ಮನೆ ಮಾರುವ ಸ್ಥಿತಿ ತಂದುಕೊಳ್ಳುವುದು ಜಾಣತನವಲ್ಲ.

ನಾಲ್ಕನೆಯದು ಅಪಘಾತದ ಸುದ್ದಿ. ವಲಸೆ ಕಾರ್ಮಿಕ ಸತ್ತರೆ ಅಥವಾ ಅವನಿಗೆ ತೀವ್ರ ಗಾಯವಾದರೆ ಎರಡೂ ರಾಜ್ಯಗಳ ಅಧಿಕಾರಿಗಳಿಗೆ ವರದಿ ಹೋಗಬೇಕು. ಅವನ ಹತ್ತಿರದ ಬಂಧುವಿಗೂ ತಿಳಿಸಬೇಕು. ಊರು ಯಾವುದೆಂದೇ ಗೊತ್ತಿಲ್ಲದವರು ಯಾರಿಗೆ ತಿಳಿಸುತ್ತಾರೆ? ಸುರಕ್ಷತೆಯ ನಿಯಮ ಮುರಿದದ್ದರಿಂದಲೇ ಸಾವು ಸಂಭವಿಸಿದರೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ಐದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಇಲ್ಲವೇ ಎರಡೂ ಆಗಬಹುದು. ಆ ದಂಡದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನು ಸತ್ತವನ ವಾರಸುದಾರರಿಗೆ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ.

ಐದನೆಯದು ಪ್ರಯಾಣದ ಖರ್ಚು. ಕೆಲಸದ ಜಾಗದಿಂದ ಸ್ವಂತ ಊರಿಗೆ ಹೋಗಿ ಬರಲು ಮುದಲಾಳಿ ಒಂದು ಮೊತ್ತ ಕೊಡಬೇಕು. ಎಷ್ಟು ದಿನ ಕೆಲಸ ಮಾಡಿರಬೇಕು, ಯಾವ ದರ್ಜೆಯ ಟಿಕೆಟು ಎಂಬುದು ನಿಯಮಗಳ ಪ್ರಕಾರ. ಇದನ್ನು ನಿಮ್ಮ ಜಿಲ್ಲೆಯ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಹಳೆಯ ಕಾಯಿದೆಯಲ್ಲಿದ್ದ ‘ಊರು ಬಿಟ್ಟ ಭತ್ಯೆ’ ಹೊಸದರಲ್ಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಕೆಲಸಗಾರರ ಸಂಘಗಳಿಗೆ ಈ ಬಗ್ಗೆ ಅಸಮಾಧಾನವಿದೆ.

ಇನ್ನು ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಮುಂಗಡ. ತಮಿಳಿನಲ್ಲಿ ‘ಮುನ್‌ಪಣಂ’, ನಮ್ಮ ಬಾಯಲ್ಲಿ ‘ಅಡ್ವಾನ್ಸು’. ಮುಂಗಡ ಕೊಡುವುದೇ ಅಪರಾಧವಲ್ಲ. ಅಪರಾಧವಾಗುವುದು ಯಾವಾಗ? ಆ ಹಣದ ಹೆಸರಿನಲ್ಲಿ ‘ತೀರುವವರೆಗೆ ಗೇಟು ದಾಟಬೇಡ, ಬೇರೆ ಕಡೆ ಕೆಲಸಕ್ಕೆ ಹೋಗಬೇಡ’ ಎಂದಾಗ. 1976ರ ಜೀತ ಪದ್ಧತಿ ನಿರ್ಮೂಲನ ಕಾಯಿದೆ ಇವತ್ತಿಗೂ ಜಾರಿಯಲ್ಲಿದೆ. ಸಾಲದ ಕಾರಣಕ್ಕೆ ಒಬ್ಬನ ಓಡಾಡುವ ಸ್ವಾತಂತ್ರ್ಯವನ್ನೋ, ಬೇರೆ ಕೆಲಸ ಹಿಡಿಯುವ ಸ್ವಾತಂತ್ರ್ಯವನ್ನೋ ಕಿತ್ತುಕೊಂಡರೆ ಅದು ಜೀತ. ಮೂರು ವರ್ಷದವರೆಗೆ ಸೆರೆವಾಸ ಉಂಟು. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕೆಲಸಗಾರರ ಮೊಕದ್ದಮೆಯಲ್ಲಿ 1982ರಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದೂ ಬಲವಂತದ ದುಡಿಮೆಯೇ ಎಂದಿತು. ಹೊಟ್ಟೆಯ ಹಸಿವೂ ಒಂದು ಬಲವಂತ ಎಂಬುದು ಆ ತೀರ್ಪಿನ ತಿರುಳು. ಇನ್ನೊಂದು ಮಾತು: ವಲಸೆ ಕಾರ್ಮಿಕನ ಕೆಲಸದ ಅವಧಿ ಮುಗಿದಾಗ ಮುದಲಾಳಿಗೋ ಮೇಸ್ತ್ರಿಗೋ ಅವನು ತೀರಿಸದೆ ಉಳಿದ ಸಾಲ ಅಲ್ಲಿಗೇ ಕೊನೆಯಾಗುತ್ತದೆ. 1979ರ ಕಾಯಿದೆಯಲ್ಲಿದ್ದ ಈ ನಿಯಮ ಹೊಸ ಸಂಹಿತೆಯಲ್ಲೂ ಉಳಿದಿದೆ.

ಆಧಾರ್ ಚೀಟಿಯ ಮೂಲ ಪ್ರತಿಯನ್ನು ಮೇಜಿನ ಖಾನೆಯಲ್ಲಿ ಬೀಗ ಹಾಕಿ ಇಡುವ ಅಭ್ಯಾಸ ಹಲವು ಕಡೆ ಇದೆ. ‘ಓಡಿಹೋಗದಿರಲಿ ಎಂದು’ ಎನ್ನುತ್ತಾರೆ. ಓಡಿಹೋಗದಂತೆ ಕಟ್ಟಿಹಾಕುವುದನ್ನೇ ಕಾನೂನು ಜೀತ ಎನ್ನುವುದು. ಚೀಟಿ ನೋಡಿ, ನಕಲು ಇಟ್ಟುಕೊಳ್ಳಿ, ಮೂಲವನ್ನು ಅವನ ಕೈಗೇ ಮರಳಿಸಿ.

ಹತ್ತು ಮಂದಿ ಇಲ್ಲದವರು ಇದೆಲ್ಲ ನಮಗಲ್ಲ ಎಂದುಕೊಳ್ಳಬೇಡಿ. ಒಬ್ಬನೇ ಆಳು ಇದ್ದರೂ ಕನಿಷ್ಠ ವೇತನ ಕೊಡಲೇಬೇಕು. ಜೀತದ ಕಾಯಿದೆಗೆ ತಲೆ ಎಣಿಕೆಯಿಲ್ಲ. ಹದಿನಾಲ್ಕು ವರ್ಷದೊಳಗಿನ ಮಗುವನ್ನು ಕೆಲಸಕ್ಕೆ ಇಡುವಂತಿಲ್ಲ. ಹದಿನೆಂಟು ತುಂಬದವರನ್ನು ಅಪಾಯದ ಕೆಲಸಕ್ಕೆ ನಿಲ್ಲಿಸುವಂತಿಲ್ಲ. ಇಟ್ಟಿಗೆ ಗೂಡಿನಲ್ಲಿ ಅಪ್ಪ, ಅಮ್ಮ, ಮಕ್ಕಳು ಸೇರಿ ದುಡಿದು ಒಬ್ಬರ ಹೆಸರಿನಲ್ಲಿ ಕೂಲಿ ಪಡೆಯುವ ಕಡೆ ಈ ಮೂರೂ ತಪ್ಪು ಒಟ್ಟಿಗೇ ನಡೆಯುತ್ತವೆ.

ಈಗ ಇನ್ನೊಂದು ಪ್ರಶ್ನೆ. ಬಂದವನು ಹೊರರಾಜ್ಯದವನೋ, ಹೊರದೇಶದವನೋ? 2025ರ ಜನವರಿಯಲ್ಲಿ ತಿರುಪ್ಪೂರು ಜಿಲ್ಲೆಯಲ್ಲಿ ದಾಖಲೆಯಿಲ್ಲದೆ ನೆಲೆಸಿದ್ದ ಬಾಂಗ್ಲಾದೇಶೀಯರೆಂದು ಹಲವರನ್ನು ಪೊಲೀಸರು ಬಂಧಿಸಿದ ಮೇಲೆ ಮುದಲಾಳಿಗಳಲ್ಲಿ ಈ ಹೆದರಿಕೆ ಹೆಚ್ಚಾಯಿತು. 1946ರ ವಿದೇಶೀಯರ ಕಾಯಿದೆಯನ್ನೂ ಅದರ ಜೊತೆಯ ಹಳೆಯ ಕಾಯಿದೆಗಳನ್ನೂ ತೆಗೆದು ತಂದ ವಲಸೆ ಮತ್ತು ವಿದೇಶೀಯರ ಕಾಯಿದೆ 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಸರಿಯಾದ ಪಾಸ್‌ಪೋರ್ಟು, ವೀಸಾ ಇಲ್ಲದೆ ಒಳಬಂದವನಿಗೆ ಐದು ವರ್ಷದವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಸುಳ್ಳು ದಾಖಲೆ ಬಳಸಿದರೆ ಎರಡು ವರ್ಷಕ್ಕೆ ಕಡಿಮೆಯಿಲ್ಲದೆ ಏಳು ವರ್ಷದವರೆಗೆ. ವಿದೇಶೀಯನಿಗೆ ವಸತಿ ಕೊಟ್ಟವರು ಅವನ ವಿವರವನ್ನು ಅಧಿಕಾರಿಗಳಿಗೆ ಒಪ್ಪಿಸಬೇಕು. ಕಾರ್ಖಾನೆಯ ಶೆಡ್ಡಿನಲ್ಲಿ ಆಳುಗಳನ್ನು ಮಲಗಿಸುವವರು ಇದನ್ನು ಗಮನಿಸಬೇಕು.

ಆದರೆ ಇಲ್ಲಿ ಎಚ್ಚರ ಬೇಕು. ಬಂಗಾಳಿ ಮಾತಾಡುವವರೆಲ್ಲ ಬಾಂಗ್ಲಾದೇಶದವರಲ್ಲ. ಪಶ್ಚಿಮ ಬಂಗಾಳ, ತ್ರಿಪುರ, ಅಸ್ಸಾಮಿನ ಬರಾಕ್ ಕಣಿವೆ, ಇಲ್ಲೆಲ್ಲ ಬಂಗಾಳಿಯೇ ಮನೆಮಾತು. ನಾಲಗೆ ನೋಡಿ ದೇಶ ಹೇಳಲಾಗದು. ಹಾಗೆ ಹೇಳುವುದಾದರೆ ತಮಿಳುನಾಡಿನಲ್ಲಿ ಕನ್ನಡ ಮಾತಾಡುವ ನಮ್ಮನ್ನು ಏನೆನ್ನುತ್ತಾರೆ? ಹಾಗೆಯೇ ಆಧಾರ್ ಇದ್ದ ಮಾತ್ರಕ್ಕೆ ಪೌರತ್ವ ಸಿದ್ಧವಾಗುವುದಿಲ್ಲ ಎಂದು ಆಧಾರ್ ಕಾಯಿದೆಯೇ ಹೇಳುತ್ತದೆ. ನೇಪಾಳದವರ ವಿಷಯ ಬೇರೆ. 1950ರ ಒಪ್ಪಂದದ ಪ್ರಕಾರ ಅವರು ವೀಸಾ ಇಲ್ಲದೆ ಬಂದು ದುಡಿಯಬಹುದು. ಮುದಲಾಳಿ ನ್ಯಾಯಾಧೀಶನಾಗಬೇಕಿಲ್ಲ. ದಾಖಲೆ ನೋಡುವುದು, ನಕಲು ಇಡುವುದು, ಊರಿನ ವಿಳಾಸ ಬರೆದುಕೊಳ್ಳುವುದು, ಸಂಶಯವಿದ್ದರೆ ಠಾಣೆಗೆ ವಿವರ ಕೊಡುವುದು, ಇಷ್ಟು ಅವನ ಕೆಲಸ. ತಮಿಳುನಾಡಿನ ಕಾರ್ಮಿಕ ಇಲಾಖೆ ವಲಸೆ ಕಾರ್ಮಿಕರ ವಿವರ ದಾಖಲಿಸಲು ಬೇರೆಯೇ ಜಾಲತಾಣ ಇಟ್ಟಿದೆ. ಅದನ್ನು ಬಳಸಿಕೊಳ್ಳಿ.

ಪಟ್ಟಿ ಇದ್ದರೆ ಏನು ಪ್ರಯೋಜನ ಎಂಬುದಕ್ಕೆ 2023ರ ಮಾರ್ಚ್ ಸಾಕ್ಷಿ. ತಮಿಳುನಾಡಿನಲ್ಲಿ ಬಿಹಾರದವರನ್ನು ಹೊಡೆಯುತ್ತಿದ್ದಾರೆಂದು ಸುಳ್ಳು ವಿಡಿಯೋಗಳು ಫೋನಿನಿಂದ ಫೋನಿಗೆ ಹಾರಿದವು. ತಿರುಪ್ಪೂರು, ಕೊಯಮತ್ತೂರುಗಳಿಂದ ಹೆದರಿದವರು ರೈಲು ಹತ್ತಿದರು. ಬಿಹಾರದಿಂದ ಅಧಿಕಾರಿಗಳ ತಂಡವೇ ಬಂದು ವಿಚಾರಿಸಿತು. ಸುದ್ದಿ ಸುಳ್ಳೆಂದು ತಿಳಿಯಿತು. ಅಂಥ ದಿನ ಮನೆಯವರ ಫೋನು ನಂಬರು ಬರೆದಿಟ್ಟುಕೊಂಡ ಮುದಲಾಳಿ ಒಂದು ಕರೆ ಮಾಡಿ ತಾಯಿಗೆ ಮಗನ ದನಿ ಕೇಳಿಸಬಲ್ಲ. ಬರೆದಿಡದವನು ಖಾಲಿ ಮಗ್ಗಗಳ ಮುಂದೆ ಕೂತಿರಬೇಕಾಗುತ್ತದೆ.

ಬಂಧುಗಳೇ, ಕೊಯಮತ್ತೂರು ಸೀಮೆಯಲ್ಲಿ ಕನ್ನಡ ಮಾತಿನ ದೇವಾಂಗರು, ಒಕ್ಕಲಿಗರು ಇದ್ದಾರೆ. ತಲೆಮಾರುಗಳ ಹಿಂದೆ ಅವರ ಹಿರಿಯರೂ ಮಗ್ಗ ಹೊತ್ತು, ಎತ್ತು ಹೊಡೆದುಕೊಂಡು ಬಂದವರೇ. ಯಾರೂ ಅವರನ್ನು ಕರೆಸಿರಲಿಲ್ಲ. ತಾವೇ ಬಂದರು, ನೆಲೆ ನಿಂತರು. ಇವತ್ತು ನಮ್ಮ ಹುಡುಗ ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋದರೂ, ತಾಳವಾಡಿಯ ಹುಡುಗ ಗಡಿ ದಾಟಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದರೂ ಹಾಗೆಯೇ. ರಾಜ್ಯದ ಗಡಿ ದಾಟಿದರೆ ಅವನೂ ಕಾನೂನಿನ ಪ್ರಕಾರ ವಲಸೆ ಕಾರ್ಮಿಕ. ನಾವು ಒಡಿಶಾದ ಹುಡುಗನಿಗೆ ಯಾವ ಲೆಕ್ಕ ಇಡುತ್ತೇವೋ ಅದೇ ಲೆಕ್ಕವನ್ನು ಬೇರೆ ಊರಿನ ಮುದಲಾಳಿ ನಮ್ಮ ಮಗನಿಗೆ ಇಡಲಿ ಎಂದು ಬಯಸುತ್ತೇವಲ್ಲವೇ?

ಹಾಗಿದ್ದರೆ ಇವತ್ತು ರಾತ್ರಿಯೇ ಒಂದು ನೋಟು ಪುಸ್ತಕ ತೆಗೆಯಿರಿ. ನಿಮ್ಮಲ್ಲಿ ದುಡಿಯುವ ಪ್ರತಿಯೊಬ್ಬರ ಪೂರ್ತಿ ಹೆಸರು, ವಯಸ್ಸು, ಊರು, ಜಿಲ್ಲೆ, ಸೇರಿದ ದಿನ, ಸಂಬಳ, ಕೊಟ್ಟ ಮುಂಗಡ, ಮನೆಯವರೊಬ್ಬರ ಫೋನು ನಂಬರು ಬರೆಯಿರಿ. ಕಾನೂನಿನ ನಮೂನೆಗಳು ಆಮೇಲೆ. ಇದು ಮೊದಲು. ಮಕ್ಕಳನ್ನು ಕಳುಹಿಸಿದವರು ಮಗನಿಗೆ ಫೋನು ಮಾಡಿ, ಅವನ ಹೆಸರು ಹಾಜರಿ ಪುಸ್ತಕದಲ್ಲಿದೆಯೇ, ಇ.ಎಸ್.ಐ. ಸಂಖ್ಯೆ ಸಿಕ್ಕಿತೇ ಎಂದು ಕೇಳಿ. ತೊಂದರೆಯಿದ್ದರೆ ಉಚಿತ ಕಾನೂನು ನೆರವಿಗೆ 15100 ಎಂಬ ದೂರವಾಣಿ ಇದೆ. ಮಗು ದುಡಿಯುತ್ತಿರುವುದು ಕಂಡರೆ 1098.

ನಮ್ಮ ಉದಾಹರಣೆಯ ಫೌಂಡ್ರಿಯ ಆ ಹುಡುಗನ ಹೆಸರು ಮೊದಲ ದಿನವೇ ಪುಸ್ತಕ ಸೇರಿದ್ದರೆ, ಸೇರಿದ ದಿನದಿಂದಲೇ ಅವನಿಗೆ ವಿಮೆ ಇರುತ್ತಿತ್ತು, ಊರಿಗೆ ಸುದ್ದಿ ಅದೇ ಸಂಜೆ ಮುಟ್ಟುತ್ತಿತ್ತು, ಮುದಲಾಳಿಯೂ ಅಧಿಕಾರಿಯ ಮುಂದೆ ತಲೆ ತಗ್ಗಿಸಬೇಕಿರಲಿಲ್ಲ. ಅದಕ್ಕೆ ಬೇಕಿದ್ದದ್ದು ಐದು ನಿಮಿಷ ಮತ್ತು ಒಂದು ಪೆನ್ನು.